ಕತ್ತಿ ಮುಟ್ಟಿ ಆಣೆ

ಗುಮಾಸ್ತ ಚೆನ್ನವೀರಪ್ಪನಿಗೆ ಜಪಾನಿನ ಹಳೆಯ ಕತ್ತಿಯೊಂದನ್ನು ಕೊಳ್ಳುವ ಹುಚ್ಚು ಹಿಡಿದಿತ್ತು. ಇದು ಅವನ ಮೊದಲ ಕತ್ತಿ. ಹಾಗಾಗಿ ಅಸಲಿ ಯಾವುದು, ನಕಲಿ ಯಾವುದು ಎಂಬುದು ಗೊತ್ತಿರಲಿಲ್ಲ. ವರ್ಷಗಟ್ಟಲೆ ಕೂಡಿಟ್ಟದ್ದೆಲ್ಲ ಜೇಬಿನಲ್ಲಿತ್ತು.

ಹಳೆಯ ಸಾಮಾನಿನ ಅಂಗಡಿಯ ವಾಮನರಾಯರು ಮೀಸೆ ತಿರುವಿದರು. "ನಾಲ್ಕು ನೂರು ವರ್ಷದ ಕತ್ತಿ ಕಣಯ್ಯಾ! ಒಳಗೆ ಯೋಧನ ಆತ್ಮವಿದೆ. ಇದರೆದುರು ಸುಳ್ಳಾಡಿದವನ ತಲೆ ಉರುಳುತ್ತದೆ. ಪರೀಕ್ಷೆ ಗಿರೀಕ್ಷೆ ಅಂತ ಅದಕ್ಕೆ ಅವಮಾನ ಮಾಡಬೇಡ. ಸುಮ್ಮನೆ ಹಣ ಇಡು."

ಚೆನ್ನವೀರಪ್ಪ ಖುಷಿಯಿಂದ ಕುಣಿದೇಬಿಟ್ಟ. "ಹಾಗಾದರೆ ಪರೀಕ್ಷೆ ಯಾಕೆ ರಾಯರೇ? ಕತ್ತಿ ಮುಟ್ಟಿ, ಇದು ನಾಲ್ಕು ನೂರು ವರ್ಷದ್ದು ಅಂತ ಆಣೆ ಮಾಡಿ. ಈಗಲೇ ಕೊಂಡುಬಿಡುತ್ತೇನೆ!"

ರಾಯರ ಕೈ ಮುಂದೆ ಹೋಯಿತು. ಅರ್ಧದಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಹಿಂದೆ ಬಂದು ಅವರದೇ ಕುತ್ತಿಗೆ ಸವರಿತು.

"ಯಾಕೆ ರಾಯರೇ?"

"ಹೋಗಯ್ಯಾ! ಕತ್ತಿ ನಕಲಿಯಾದರೂ ನನ್ನ ಕತ್ತು ಅಸಲಿ!"