ಅಜ್ಜಾರು ಅಂಗಳದಲ್ಲಿ ಬಿದ್ದದ್ದು

ಹೊಳೆ ದಂಡೆಯ ಒಂದು ಮಠ. ಯಾವ ಹೊಳೆ ಎಂದು ಕೇಳಬೇಡಿ; ಒಬ್ಬೊಬ್ಬರಿಗೆ ಒಂದೊಂದು ಹೊಳೆ ಹೇಳಿ ಈಗ ನನಗೇ ಮರೆತಿದೆ.

ಶಿವರಾತ್ರಿಯ ಮರುದಿನ ಬೆಳಗಿನ ಮಂಗಳಾರತಿಯಲ್ಲಿ ಶಿಷ್ಯ ಅಡಿವೆಪ್ಪನಿಗೆ ಮೂರ್ಛೆ ಬಂತು. ಎಲ್ಲರೆದುರು ಬಿದ್ದು ಒದ್ದಾಡಿದ, ಧೋತರ ಒದ್ದೆಯಾಯಿತು. ಯಾರೋ ಕೈಗೆ ಕೀಲಿಗೊಂಚಲು ತುರುಕಿದರು, ಯಾರೋ ಬಾಯಿಗೆ ಚಮಚ. ಎಚ್ಚರವಾದಾಗ ಮುಂದಿನ ಹಲ್ಲೊಂದು ಮುರಿದಿತ್ತು.

ಸ್ನಾನ ಮಾಡಿ ಬಂದವನೇ ಗುರುಗಳ ಎದುರು ನಿಂತ. ಮಠದಲ್ಲಿ ಅವರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

"ನಾ ಹೊಂಟೇನ್ರಿ, ಅಜ್ಜಾರ."

"ಯಾಕ?"

"ನನ್ನ ನೋಡಿ ಎಲ್ಲಾರಿಗೂ ಹೇಸಿಗಿ ಬಂದೈತ್ರಿ."

"ಕೇಳಿದೇನು ಅವರನ್ನ?"

"ಇದನ್ನೇನ್ ಕೇಳೋದ್ರಿ?"

ಇದಕ್ಕೆ ಗುಳಿಗೆ ಇಲ್ಲವೇ ಎಂದು ಅಜ್ಜಾರು ವಿಚಾರಿಸಿದರು. ಇತ್ತು. ಡಾಕ್ಟರು ಕೊಟ್ಟದ್ದನ್ನು ದಿನಾ ನುಂಗುತ್ತಿದ್ದ, ವರ್ಷವಾದರೂ ಬಿದ್ದಿರಲಿಲ್ಲ. ಉಪವಾಸ ಕೆಟ್ಟೀತೆಂದು ಶಿವರಾತ್ರಿಯಂದು ಮಾತ್ರ ಬಿಟ್ಟಿದ್ದ. ನಿದ್ದೆಗೆಡಬೇಡ ಎಂದೂ ಡಾಕ್ಟರು ಹೇಳಿದ್ದರು, ಇವನು ಜಾಗರಣೆಗೆ ಕೂತಿದ್ದ. ಯಾರಿಗೂ ತಿಳಿಯಬಾರದೆಂದು ಎಲ್ಲವನ್ನೂ ಮುಚ್ಚಿಟ್ಟಿದ್ದ.

"ಶಿವ ನಿನ್ನ ಹೊಟ್ಟ್ಯಾಗ ಇಳಿದು ಗುಳಿಗಿ ಹುಡುಕ್ತಾನೇನು?" ಎಂದರು ಅಜ್ಜಾರು. "ಆತು, ಉಂಡು ಹೋಗು."

ಊಟಕ್ಕೆ ಎಲೆ ಹಾಕಿದ್ದರು. ಅಂಗಳ ದಾಟುತ್ತಿದ್ದ ಅಜ್ಜಾರು ದೊಪ್ಪನೆ ಬಿದ್ದರು. ಕೈಕಾಲು ಸೆಟೆದವು, ಕಣ್ಣುಗುಡ್ಡೆ ಮೇಲಾದವು, ಬಾಯಲ್ಲಿ ನೊರೆ. ಆ ನೊರೆ ಎಲ್ಲಿಂದ ಬಂತೆಂದು ಅಡುಗೆಯವನು ಇಂದಿಗೂ ಬಾಯಿ ಬಿಡುವುದಿಲ್ಲ.

ಕೀಲಿಗೊಂಚಲು ಓಡಿ ಬಂತು. ಮೂಗಿಗೆ ಹಿಡಿಯಲು ಉಳ್ಳಾಗಡ್ಡಿ ಬಂತು. ಒಬ್ಬನಂತೂ ಚಪ್ಪಲಿಯನ್ನೇ ತಂದ.

ಅಡಿವೆಪ್ಪ ಮೂರ್ಛೆಯನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ತಾನು ಬಿದ್ದಾಗ ನೋಡಲು ತಾನು ಇರುತ್ತಿರಲಿಲ್ಲವಲ್ಲ. ಆದರೆ ಡಾಕ್ಟರ ಮಾತು ನೆನಪಿತ್ತು. ಎಲ್ಲರನ್ನೂ ಆಚೆ ನೂಕಿದ.

"ಹಿಡೀಬ್ಯಾಡ್ರಿ. ಬಾಯಾಗ ಏನೂ ಇಡಬ್ಯಾಡ್ರಿ."

ತಲೆಯ ಕೆಳಗೆ ಶಲ್ಯ ಮಡಚಿಟ್ಟ. ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕೆಂದು ಒಬ್ಬನನ್ನು ಗಾಡಿ ತರಲು ಅಟ್ಟಿದ. ತಾನು ಪಕ್ಕದಲ್ಲೇ ಕೂತ.

ಅಜ್ಜಾರು ಒಂದು ಕಣ್ಣು ತೆರೆದರು. "ಸಾರು ಆರತೈತಿ," ಎಂದರು.

ಅಡಿವೆಪ್ಪನಿಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. "ಇದು ಆಟ ಏನ್ರಿ, ಅಜ್ಜಾರ? ನನ್ನ ಜೀವಾನ ಹೋಗಿತ್ತು."

"ಹೇಸಿಗಿ ಬರಲಿಲ್ಲೇನು?"

"ಹೇಸಿಗಿ ಎಲ್ಲೀದ್ರಿ? ಕಣ್ಣು ತೆರೆದಾಗ ನೀವು ಒಬ್ಬರ ಇರಬಾರದು, ಅಷ್ಟ ಅನ್ನಿಸ್ತು."

ಚಪ್ಪಲಿ ಹಿಡಿದವನು ಅದನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

ಅಜ್ಜಾರು ಎದ್ದು ಕೂತು ಧೂಳು ಕೊಡವಿಕೊಂಡರು.

"ನಮಗೂ ಅಷ್ಟ ಅನ್ನಿಸಿತ್ತಪಾ. ಏನು ಮಾಡಬೇಕಂತ ನೀ ಹೇಳಿದ್ದಿಲ್ಲ."