ಬುಟ್ಟಿಯಷ್ಟು ಯಂತ್ರ, ಕೋಟೆಯಷ್ಟು ಬೀಗ

"ಕೇಳ್ರಪ್ಪೋ ಕೇಳಿ! ಊರಿನ ದೊಡ್ಡಯಂತ್ರ ಕೆಟ್ಟು ಕೂತಿದೆ. ತೀರಿಹೋದ ಯಂತ್ರಾಚಾರ್ಯರು ಬಿಟ್ಟುಹೋದ ಮೂರು ಒಗಟು ಬಿಡಿಸಿದವರಿಗೆ ಒಳಕೋಣೆಯ ಬೀಗದಕೈ, ಬಾಯಿಬಿಟ್ಟು ಕೇಳಿದ ಬಹುಮಾನ. ತಪ್ಪಿದರೆ ತಲೆದಂಡ! ಕಲಿಯಲು ಹುಣ್ಣಿಮೆಯವರೆಗೆ ಗಡುವು. ರಾಣಿ ಮಲ್ಲಾಜಮ್ಮಣ್ಣಿಯವರ ಅಪ್ಪಣೆ!"

ಕೀಲಾಪುರದ ಬೀದಿಬೀದಿಯಲ್ಲೂ ಹೀಗೆ ಡಂಗುರ ಸಾರಿದರು. ತಲೆ ಯಾಕಪ್ಪಾ ಅಂತೀರಾ? ತಿಳಿಯದವರ ಕೈ ಒಳಗೆ ಹೋದರೆ ಯಂತ್ರ ಮತ್ತೆ ಏಳುವುದೇ ಇಲ್ಲ. ಕೋಟೆಬಾಗಿಲು, ಬೀದಿದೀಪ, ಹಿಟ್ಟಿನ ಗಿರಣಿ, ಅರಮನೆಯ ಕಾರಂಜಿ ಎಲ್ಲವನ್ನೂ ನಡೆಸುತ್ತಿದ್ದುದು ಅದೊಂದೇ. ಈಗ ಕಾರಂಜಿ ಮಾತ್ರ ಕುಣಿಯುತ್ತಿತ್ತು, ಮಿಕ್ಕದ್ದೆಲ್ಲ ನಿಂತುಹೋಗಿತ್ತು. ಮುಚ್ಚಿದ ಬಾಗಿಲು ತೆರೆಯಲಿಲ್ಲ.

ಬಿದಿರು ಕಡಿಯಲು ಹೋಗಿದ್ದ ಹೊನ್ನಾಜಿ ಕೋಟೆಯ ಹೊರಗೇ ಸಿಕ್ಕಿಕೊಂಡಳು. ಹೊರಗೆ ಚಿರತೆಯ ಕಾಟ. ಅವಳ ತಮ್ಮ ಕೇತ, ಬುಟ್ಟಿ ಹೆಣೆಯುವವನು, ಒಳಗೆ ಒದ್ದಾಡಿದ. ತಬ್ಬಲಿ ತಮ್ಮನನ್ನು ಎತ್ತಿ ಸಾಕಿದವಳು ಆ ಅಕ್ಕ. "ಅವಳೇ ಇಲ್ಲದ ಮೇಲೆ ಈ ತಲೆ ಇದ್ದರೆಷ್ಟು, ಬಿಟ್ಟರೆಷ್ಟು!" ಎಂದು ನೇರ ಅರಮನೆಗೆ ನಡೆದ.

ಕಲಿಯಲಿಕ್ಕೆಂದು ಯಂತ್ರಶಾಲೆಯಲ್ಲಿ ಹಲವು ಯಂತ್ರಗಳಿದ್ದವು. ಬೇಕಾದ್ದನ್ನು ಆರಿಸಿಕೊಳ್ಳಬಹುದಿತ್ತು. ಪಂಡಿತ ವಾಗೀಶಯ್ಯನೂ ಸಾಹುಕಾರನ ಮಗ ಚಿನ್ನಪ್ಪಯ್ಯನೂ ಅಲ್ಲಿದ್ದ ಏಳು ಅಂತಸ್ತಿನ ಮಹಾಯಂತ್ರದ ಮುಂದೆ ಕೂತರು. ಹುಣ್ಣಿಮೆ ಹತ್ತಿರ ಬಂದರೂ ಮೊದಲ ಅಂತಸ್ತಿನ ಮೆಟ್ಟಿಲೇ ಅವರಿಗೆ ಸಿಕ್ಕಿರಲಿಲ್ಲ.

ಕೇತ ಮೂಲೆಯಲ್ಲಿ ಧೂಳು ಹಿಡಿದಿದ್ದ ಪುಟ್ಟ ಮರದ ಯಂತ್ರ ಎತ್ತಿಕೊಂಡ. ಒಂದು ಬಾಗಿಲು, ಒಂದು ದೀಪ, ಒಂದು ಬೀಸುಗಲ್ಲು, ಅವನ್ನು ನಡೆಸಲು ಒಳಗೊಂದು ಚಕ್ರ, ಒಂದು ಗಂಟೆ, ಅಷ್ಟೇ.

"ಲೋ, ಅದು ಮಕ್ಕಳಾಟಿಕೆ ಕಣೋ!" ಎಂದು ಚಿನ್ನಪ್ಪಯ್ಯ ಹೊಟ್ಟೆ ಹಿಡಿದು ನಕ್ಕ.

"ಇರಲಿ ಬಿಡಿ ಸ್ವಾಮಿ. ಬಿಚ್ಚಿ ಮತ್ತೆ ಹೆಣೆಯೋ ಅಷ್ಟು ಚಿಕ್ಕ ಬುಟ್ಟಿಯಿಂದಲೇ ಶುರುಮಾಡು ಅಂತ ನಮ್ಮಕ್ಕ ಹೇಳಿಕೊಟ್ಟಿದ್ದಾಳೆ," ಎಂದ ಕೇತ. ಅದನ್ನು ಬಿಚ್ಚಿದ, ಜೋಡಿಸಿದ, ಕೆಡಿಸಿದ. ಕೆಟ್ಟಾಗ ಅತ್ತ, ಮತ್ತೆ ಜೋಡಿಸಿದ.

ಹುಣ್ಣಿಮೆಯ ಬೆಳಗ್ಗೆ ಸಭೆ ಸೇರಿತು. ರಾಣಿ ಕೇಳಿದಳು: "ಪಂಕ್ತಿಯಲ್ಲಿ ನೂರು ಎಲೆ, ಬಡಿಸುವವನು ಒಬ್ಬನೇ. ಆದರೂ ಉಂಡವರೆಲ್ಲ, ಅವನು ನನ್ನ ಎಲೆ ಬಿಟ್ಟು ಕದಲಲೇ ಇಲ್ಲ ಅನ್ನುತ್ತಾರೆ. ಯಾರವನು?"

"ಸಾವಿರ ತೋಳಿನ ಕಾರ್ತವೀರ್ಯಾರ್ಜುನ!" ಎಂದು ವಾಗೀಶಯ್ಯ ಗುಡುಗಿದ. ರಾಣಿ ಅಲ್ಲವೆಂದು ತಲೆಯಾಡಿಸಿದಳು, ಭಟರು ಅವನನ್ನು ಎಳೆದುಕೊಂಡು ಹೋದರು.

"ಯಂತ್ರದೊಳಗೆ ದುಡಿಯುವ ಚಕ್ರ, ತಾಯಿ," ಎಂದ ಕೇತ. "ಇರೋದು ಒಂದೇ. ಬಾಗಿಲಿಗೆ ಒಂದು ಚೂರು, ದೀಪಕ್ಕೆ ಒಂದು ಚೂರು ಬಡಿಸುತ್ತಾ ಓಡುತ್ತಲೇ ಇರುತ್ತದೆ. ಗಂಟೆ ಬಾರಿಸಿದಾಗೆಲ್ಲ ಮುಂದಿನ ಎಲೆಗೆ ಹೋಗಬೇಕು. ಓಟ ಎಷ್ಟು ಜೋರು ಅಂದರೆ, ಬಿಟ್ಟುಹೋದದ್ದು ಯಾರಿಗೂ ತಿಳಿಯದು."

"ಭೇಷ್!" ಎಂದಳು ರಾಣಿ. "ಚಿಕ್ಕ ಮನೆಗೆ ಹತ್ತಾರು ನೆಂಟರು. ಒಬ್ಬೊಬ್ಬನೂ ಇಡೀ ಮನೆ ನನ್ನದೇ ಅಂತ ಕಾಲು ಚಾಚಿ ಮಲಗುತ್ತಾನೆ, ಒಬ್ಬರ ಕಾಲು ಇನ್ನೊಬ್ಬರಿಗೆ ತಾಗದು. ಯಾವ ಮನೆ?"

"ನಮ್ಮಪ್ಪನ ಛತ್ರ!" ಎಂದ ಚಿನ್ನಪ್ಪಯ್ಯ. ಅವನನ್ನೂ ಎಳೆದೊಯ್ದರು.

"ಯಂತ್ರದ ನೆನಪಿನ ಮನೆ," ಎಂದ ಕೇತ. "ಬಾಗಿಲು, ದೀಪದಂಥ ಕೆಲಸಗಳೇ ನೆಂಟರು. ಯಂತ್ರವನ್ನು ಆಳುವ ಮೂಲಕೀಲೇ ಯಜಮಾನ, ಅವನು ಒಂದೊಂದು ಕೆಲಸದ ನಡುವೆಯೂ ಅಡ್ಡಗೋಡೆ ಹಾಕಿರುತ್ತಾನೆ, ಆಚೆ ಇಣುಕಲು ಬಿಡುವುದಿಲ್ಲ. ಜಾಗ ಸಾಲದಿದ್ದರೆ ನಿದ್ದೆಹೋದವನ ಹಾಸಿಗೆ ಸುತ್ತಿ ಅಟ್ಟಕ್ಕೆ ಹಾಕುತ್ತಾನೆ, ಎದ್ದು ಕೂಗಿದರೆ ಇಳಿಸುತ್ತಾನೆ."

ರಾಣಿಯ ದನಿ ತಗ್ಗಿತು. "ಸತ್ತಿಲ್ಲ, ಮಲಗಿಲ್ಲ, ಮೈಮುರಿದು ದುಡಿಯುತ್ತಿದೆ, ಆದರೂ ಊರಿಗೆ ಉಪವಾಸ. ಯಾಕೆ? ಒಂದು ದಿನ ಹೀಗಾದೀತು ಅಂದಿದ್ದರು ಆಚಾರ್ಯರು. ಉತ್ತರ ನನಗೂ ಹೇಳಿಲ್ಲಪ್ಪಾ. ಕೋಟೆಬಾಗಿಲು ತೆರೆದರೆ ನೀನು ಗೆದ್ದೆ."

ಕೇತ ಪುಟ್ಟ ಯಂತ್ರದ ಒಂದೊಂದೇ ಕೀಲನ್ನು ಮನಸ್ಸಿನಲ್ಲೇ ಬಿಚ್ಚತೊಡಗಿದ. ಅಷ್ಟರಲ್ಲಿ ಹೊರಗೆ ಕಾರಂಜಿ ಚಿಮ್ಮುವ ಸದ್ದು ಕಿವಿಗೆ ಬಿತ್ತು. ಅಯ್ಯೋ, ಇದನ್ನು ಕಂಡಿದ್ದೇನಲ್ಲ! ಪುಟ್ಟ ಯಂತ್ರ ಬಿಚ್ಚುವಾಗ ಕೈತಪ್ಪಿ ಗಂಟೆಯ ನಾಲಿಗೆ ಕಿತ್ತುಬಂದಿತ್ತು. ಆಗಲೂ ಹೀಗೇ ದೀಪವೊಂದು ಉರಿಯುತ್ತಿತ್ತು, ಬಾಗಿಲೂ ಬೀಸುಗಲ್ಲೂ ಕಲ್ಲಾಗಿದ್ದವು.

"ಗಂಟೆ ಬಾರಿಸುತ್ತಿಲ್ಲ ತಾಯಿ! ಬಡಿಸುವವನು ಕಾರಂಜಿಯ ಎಲೆಯ ಮುಂದೆಯೇ ನಿಂತಿದ್ದಾನೆ, ಮಿಕ್ಕವರು ಹಸಿದು ಕೂತಿದ್ದಾರೆ!"

ಒಳಕೋಣೆ ತೆರೆದರು. ಗಂಟೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿ ನಾಲಿಗೆಯನ್ನು ಮೆತ್ತಿಹಾಕಿತ್ತು. ಕೇತ ಸೊಂಟದಲ್ಲಿದ್ದ ಬಿದಿರ ಸೀಳಿನಿಂದ ಕೆರೆದು ತೆಗೆದ. ಠಣ್! ದೀಪ ಹತ್ತಿತು. ಠಣ್! ಗಿರಣಿ ಗುಡುಗುಟ್ಟಿತು. ಠಣ್! ಕೋಟೆಬಾಗಿಲು ಕಿರ್ರೆಂದು ತೆರೆಯಿತು. ಊರಿಗೆ ಊರೇ ಕೇಕೆ ಹಾಕಿತು.

ಬಿದಿರ ಹೊರೆ ಹೊತ್ತ ಹೊನ್ನಾಜಿ ಜನರನ್ನು ನೂಕಿಕೊಂಡು ಬಂದಳು. "ತಲೆ ಪಣಕ್ಕಿಟ್ಟೆಯೇನೋ ಮುಠ್ಠಾಳ!" ಎಂದು ಬೆನ್ನಿಗೊಂದು ಗುದ್ದಿ, ಅಲ್ಲೇ ತಬ್ಬಿಕೊಂಡು ಅತ್ತಳು. ಕೇತನೂ ಅತ್ತ.

"ಏನು ಬೇಕು ಕೇಳಪ್ಪಾ," ಎಂದಳು ರಾಣಿ.

"ಆ ಇಬ್ಬರ ತಲೆ ಉಳಿಸಿ ತಾಯಿ. ಆಮೇಲೆ ಆ ಪುಟ್ಟ ಯಂತ್ರ ನನಗೆ ಕೊಡಿ."

ರಾಣಿ ಎರಡನ್ನೂ ಕೊಟ್ಟು, ಅವನನ್ನೇ ಯಂತ್ರಾಚಾರ್ಯನನ್ನಾಗಿ ಮಾಡಿದಳು. ಮೊದಲ ದಿನದ ಪಾಠಕ್ಕೆ ವಾಗೀಶಯ್ಯನೂ ಚಿನ್ನಪ್ಪಯ್ಯನೂ ಬಂದು ನೆಲದ ಮೇಲೆ ಕೂತರು. "ದೊಡ್ಡದನ್ನು ನೋಡಿ ಬೆರಗಾಗಬಹುದು ಸ್ವಾಮಿ. ಕಲಿಯೋದಾದರೆ ಇದೇ ಸರಿ," ಎಂದು ಕೇತ ಪುಟ್ಟ ಯಂತ್ರವನ್ನು ಅವರ ಮುಂದಿಟ್ಟ. "ತಗೊಳ್ಳಿ, ಹೆದರಬೇಡಿ. ಮೊದಲು ಕೆಡಿಸಿ."