ಮಡಿಕೆ ಮುರಿದ ಸೀರೆ

"ಮಗ್ಗಾಪುರದ ಮಹಾಜನರೆಲ್ಲ ಕೇಳಿ! ಅರಮನೆಯ ಏಳಂತಸ್ತಿನ ಜವಳಿ ಮಳಿಗೆಯಲ್ಲಿ ಕೊಂಡ ಬಟ್ಟೆಯಲ್ಲಿ ದೋಷವಿದ್ದರೆ ವಾಪಸು ತರಬಹುದು. ತಂದವರು ರಾಜಕುಮಾರಿ ಹೇಮಲೇಖೆಯವರ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಬಟ್ಟೆಗೆ ಬದಲು ಬಟ್ಟೆ, ಜೊತೆಗೆ ರಾಜಕುಮಾರಿ, ಅರ್ಧ ರಾಜ್ಯ. ತಪ್ಪಿದವರಿಗೆ ತಲೆದಂಡ."

ಡಂಗುರ ಹೀಗೆ ಸಾರಿತು. ಮಾರಿದ ಮಾಲು ವಾಪಸು ಬಾರದಿರಲೆಂದು ಅಂಗಡಿಯವರು ದೇಶದೇಶಗಳಲ್ಲಿ ನಾನಾ ಉಪಾಯ ಮಾಡುತ್ತಾರೆ. ಅವುಗಳಲ್ಲೆಲ್ಲ ಇದು ಅಚ್ಚುಕಟ್ಟಾದದ್ದು. ಪ್ರತಿ ಆಷಾಢದ ರಿಯಾಯಿತಿ ಮುಗಿದ ಮೇಲೆ ಮಳಿಗೆಗೆ ವಾಪಸು ಬಟ್ಟೆ ರಾಶಿ ಬೀಳುತ್ತಿತ್ತು. ಅತ್ತ ರಾಜನಿಗೆ ಮಗಳ ಮದುವೆಯ ಚಿಂತೆ. ಮಂತ್ರಿ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದ.

ನಿಜವಾಗಿ ಹರಕು ಬಟ್ಟೆ ಕೊಂಡವರು ಬಾಯಿ ಮುಚ್ಚಿಕೊಂಡು ಅದನ್ನೇ ತೊಟ್ಟರು. ಒಂದು ತೋಳು ಉದ್ದ, ಒಂದು ಗಿಡ್ಡ ಇರುವುದೇ ಊರಿನ ರೂಢಿಯಾಯಿತು. ಬರುತ್ತಿದ್ದವರು ಅರ್ಧ ರಾಜ್ಯದ ಆಸೆಯವರು ಮಾತ್ರ. ಅವರು ಒಳ್ಳೆಯ ಪಂಚೆ ಕೊಂಡು, ಕತ್ತರಿಯಲ್ಲಿ ತಾವೇ ತೂತು ಮಾಡಿ, ಸಾಲಿನಲ್ಲಿ ನಿಲ್ಲುತ್ತಿದ್ದರು. ಅಳತೆ ನೋಡುವ ಕನ್ನಡಿಯ ಪಕ್ಕದಲ್ಲಿ ಕೊಡಲಿಯವನು ಕೂತಿರುತ್ತಿದ್ದ. ರಾಜಕುಮಾರಿ ಮೊದಮೊದಲು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಆಮೇಲೆ ಅದೂ ನಿಂತಿತು.

ಅಂಥ ಒಂದು ದಿನ ದ್ಯಾವಣ್ಣ ಬಂದ. ಪೇಟೆಯ ಮೂಲೆಯಲ್ಲಿ ಕೂತು ಹರಿದ ಬಟ್ಟೆಗೆ ರಫೂ ಹಾಕುವವನು. ಅವ್ವ ತೀರಿಕೊಂಡು ಒಂಬತ್ತು ದಿನವಾಗಿತ್ತು. ಹನ್ನೊಂದನೆಯ ದಿನ ಎಡೆಯ ಮುಂದೆ ಅವಳ ಹೆಸರಿನಲ್ಲಿ ಒಂದು ಹೊಸ ಸೀರೆ ಇಡಬೇಕು. ಅವಳ ಪೆಟ್ಟಿಗೆಯಲ್ಲಿ ಇದ್ದ ಒಂದೇ ಹೊಸ ಸೀರೆಯ ಸೆರಗಿನಲ್ಲಿ ಅಂಗೈಯಗಲದ ತೂತು. ಒಂಬತ್ತು ದಿನದಿಂದ ದ್ಯಾವಣ್ಣನಿಗೆ ಅಳು ಬಂದಿರಲಿಲ್ಲ, ಹಸಿವೂ ಆಗಿರಲಿಲ್ಲ. ಬದಲಿ ಸೀರೆ ತರಬೇಕು ಎಂಬುದೊಂದು ತಲೆಯಲ್ಲಿ ಉಳಿದಿತ್ತು.

ಗುಮಾಸ್ತ ಸೀರೆ ನೋಡಿ, ಮಡಿಕೆ ಮುರಿದಿದೆ, ಮಡಿಕೆ ಮುರಿದದ್ದು ವಾಪಸಿಲ್ಲ ಎಂದ. ಮುರಿಯದೆ ತೂತು ಹೇಗೆ ಕಾಣುತ್ತದೆ ಎಂದು ದ್ಯಾವಣ್ಣ ಕೇಳಿದ. ಅದು ನಮ್ಮ ವಿಭಾಗಕ್ಕೆ ಸೇರಿದ್ದಲ್ಲ ಎಂದು ಗುಮಾಸ್ತ ಒಗಟಿನ ಸಾಲು ತೋರಿಸಿದ. ಅಲ್ಲಿ ಮುಂದೆ ಮೂವರಿದ್ದರು.

ರಾಜಕುಮಾರಿ ಗೋಡೆ ನೋಡುತ್ತ ಮೊದಲ ಒಗಟು ಹೇಳಿದಳು. "ತೆರೆಯದಿದ್ದರೆ ಒಳಗೇನಿದೆ ತಿಳಿಯುವುದಿಲ್ಲ. ತಿಳಿಯಲೆಂದು ತೆರೆದರೆ, ಕೊಟ್ಟವನು ಮತ್ತೆ ಕೈಯಲ್ಲೂ ಮುಟ್ಟುವುದಿಲ್ಲ. ಏನದು?"

ವಜ್ರಗಿರಿಯ ಯುವರಾಜ ಮೀಸೆ ತೀಡಿ, ಹೆಣ್ಣಿನ ಮನಸ್ಸು ಎಂದ. ಅವನನ್ನು ಕನ್ನಡಿಯ ಕಡೆಗೆ ಕರೆದೊಯ್ದರು. ಸಾಹುಕಾರನ ಮಗ ಕಾಣಿಕೆ ಹುಂಡಿ ಎಂದ. ಅವನೂ ಹೋದ. ಮೂರನೆಯವನು ಪಂಡಿತ, ಕಾಲು ಗಂಟೆ ಪೀಠಿಕೆ ಹಾಕಿ ಬ್ರಹ್ಮರಹಸ್ಯ ಎಂದ. ಕೊಡಲಿಯವನು ಆಕಳಿಸಿ ಎದ್ದ.

"ಸೀರೆಯ ಮಡಿಕೆ," ಎಂದ ದ್ಯಾವಣ್ಣ. "ಈಗಷ್ಟೇ ನಿಮ್ಮ ಗುಮಾಸ್ತರು ಕಲಿಸಿಕೊಟ್ಟರು."

ರಾಜಕುಮಾರಿ ಗೋಡೆಯಿಂದ ಕಣ್ಣು ತೆಗೆದಳು. "ಅದಕ್ಕೆ ನೂಲಿಲ್ಲ, ಬಣ್ಣವಿಲ್ಲ. ಮಾರುವವನ ಕಣ್ಣಿಗೆ ಅದು ಇಲ್ಲವೇ ಇಲ್ಲ, ಕೊಂಡವಳ ಕಣ್ಣಿಗೆ ಅದರ ಹೊರತು ಬೇರೇನಿಲ್ಲ. ಎಳೆದಷ್ಟೂ ದೊಡ್ಡದಾಗುತ್ತದೆ."

"ತೂತು, ಅಮ್ಮಣ್ಣಿ. ದಿನಾ ಅದರಲ್ಲೇ ನನ್ನ ಹೊಟ್ಟೆಪಾಡು."

"ಹಾಗಾದರೆ ಇದಕ್ಕೆ ನೀನೇ ರಫೂ ಹಾಕಬಹುದಿತ್ತಲ್ಲಪ್ಪ. ತಲೆ ಉಳಿಯುತ್ತಿತ್ತು."

"ಹಾಕಬಹುದಿತ್ತು. ಅವ್ವ ಬದುಕಿಡೀ ರಫೂ ಹಾಕಿದ್ದನ್ನೇ ಉಟ್ಟಳು."

ಮೂರನೆಯದನ್ನು ಹೇಳುವಾಗ ರಾಜಕುಮಾರಿಯ ದನಿ ಇಳಿದಿತ್ತು. "ಈ ಮಳಿಗೆಯಿಂದ ದಿನವೂ ಹೋಗುವ ಬಟ್ಟೆ. ಅಳತೆ ತಪ್ಪಿರಲಿ, ಹರಿದಿರಲಿ, ತೊಟ್ಟವರು ಚಕಾರ ಎತ್ತುವುದಿಲ್ಲ. ಇದುವರೆಗೆ ಒಂದೂ ವಾಪಸು ಬಂದಿಲ್ಲ. ಯಾವುದು?"

ದ್ಯಾವಣ್ಣ ಕೈಯಲ್ಲಿದ್ದ ಸೀರೆಯನ್ನು ನೋಡಿದ. ಕೊಡಲಿಯವನು ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡ. ಗುಮಾಸ್ತ ಮುಂದಿನವರು ಯಾರು ಎಂದು ಸಾಲಿನತ್ತ ನೋಡಿದ.

"ಹೆಣಕ್ಕೆ ಹೊದಿಸುವ ಬಟ್ಟೆ," ಎಂದ ದ್ಯಾವಣ್ಣ ಕೊನೆಗೆ. "ಆದರೆ ನಿಮ್ಮ ಒಗಟಿನಲ್ಲೇ ತೂತಿದೆ, ಅಮ್ಮಣ್ಣಿ. ಒಂದು ವಾಪಸು ಬಂದಿದೆ." ಸೀರೆಯನ್ನು ಅವಳ ಮುಂದಿಟ್ಟ. "ಹನ್ನೊಂದು ವರ್ಷದ ಹಿಂದೆ ಆಷಾಢದ ರಿಯಾಯಿತಿಯಲ್ಲಿ ಅವ್ವ ಕೊಂಡದ್ದು. ನನ್ನನ್ನು ಇದರಲ್ಲೇ ಕಳಿಸು ಅಂತ ಮಡಿಕೆ ಮುರಿಯದೆ ಇಟ್ಟಿದ್ದಳು. ಅವತ್ತು ಹೊದಿಸೋಣ ಅಂತ ಬಿಚ್ಚಿದೆ. ಹಳೆಯದರಲ್ಲೇ ಕಳಿಸಬೇಕಾಯಿತು."

ಹೇಮಲೇಖೆ ಸೆರಗು ಹರವಿ, ತೂತಿನೊಳಗೆ ಕೈ ತೂರಿಸಿ, ಆಚೆ ಬಂದ ತನ್ನದೇ ಬೆರಳುಗಳನ್ನು ನೋಡಿದಳು. ಒಗಟಿನಲ್ಲಿ ದೋಷವಿದೆ, ಅದನ್ನು ವಾಪಸು ತೆಗೆದುಕೊಂಡಿದ್ದೇನೆ, ಡಂಗುರವನ್ನೂ, ಎಂದು ಗುಮಾಸ್ತನಿಗೆ ಬರೆದುಕೊಳ್ಳಲು ಹೇಳಿದಳು. ಕೊಡಲಿಯವನನ್ನು ಮನೆಗೆ ಕಳಿಸಿದಳು. ಇನ್ನು ಮುಂದೆ ಕೊಳ್ಳುವವರು ಮಡಿಕೆ ಬಿಚ್ಚಿ ನೋಡಿಯೇ ಕೊಳ್ಳಲಿ ಎಂದಳು.

"ಮಾತಿನ ಪ್ರಕಾರ ಅರ್ಧ ರಾಜ್ಯವಿದೆ," ಎಂದಳು. "ರಿಯಾಯಿತಿಯಲ್ಲಿ ನಾನೂ ಇದ್ದೇನೆ."

"ನಾಡಿದ್ದು ಎಡೆ, ಅಮ್ಮಣ್ಣಿ. ಅದರಾಚೆಗೆ ನನಗೇನೂ ತೋಚುತ್ತಿಲ್ಲ."

ಏಳು ಅಂತಸ್ತೂ ಹುಡುಕಿ ಅವನು ಅಗಲ ಕಡಿಮೆಯ ಒಂದು ಸೀರೆ ಆರಿಸಿದ. ಅವ್ವ ಗಿಡ್ಡ. ಕಿಟಕಿಯ ಬೆಳಕಿಗೆ ಹಿಡಿದು ಅಂಚಿನಿಂದ ಅಂಚಿಗೆ ನೋಡಿ, ಮಡಿಚಿ, ತೆಗೆದುಕೊಂಡು ಹೋದ.

ಹನ್ನೊಂದನೆಯ ದಿನ ಎಡೆಯಾಯಿತು. ಎಡೆಗಿಟ್ಟ ಸೀರೆಯನ್ನು ಆಮೇಲೆ ಮನೆಯ ಹೆಣ್ಣುಮಗಳು ಉಡಬೇಕು. ಆ ಮನೆಯಲ್ಲಿ ಹೆಣ್ಣುಮಗಳಿರಲಿಲ್ಲ. ದ್ಯಾವಣ್ಣ ಸೀರೆ ಹಿಡಿದು ನಿಂತಿದ್ದಾಗ, ಬಾಗಿಲಲ್ಲಿ ಹೇಮಲೇಖೆ ಒಡವೆಯಿಲ್ಲದೆ, ಪರಿವಾರವಿಲ್ಲದೆ ನಿಂತಿದ್ದಳು. ಅವಳು ಎರಡೂ ಕೈ ಚಾಚಿದಳು. ಅವನು ಕೊಟ್ಟ.

ಉಟ್ಟು ಹೊರಗೆ ಬಂದಾಗ ಸೀರೆ ಕಣಕಾಲಿನಿಂದ ಗೇಣುದ್ದ ಮೇಲಿತ್ತು.

"ಗಿಡ್ಡವಾಯಿತು," ಎಂದ ದ್ಯಾವಣ್ಣ. "ವಾಪಸು ಕೊಡುತ್ತೀರಾ?"

"ಇಲ್ಲ," ಎಂದಳು ಅವಳು. ಆಮೇಲೆ ಇಬ್ಬರೂ ಎಲೆಯ ಮುಂದೆ ಕೂತರು. ಹನ್ನೊಂದು ದಿನದ ಮೇಲೆ ಅವನು ಉಂಡ.